ಪಾದ್ರಿ ಮನೆಯ ಹುಡುಗ ಕುನೂಂಗುವಾಕ್

ಎಲ್ಲರಿಗೂ ನಮಸ್ಕಾರ.

ಕ್ನುದ್ ರಾಸ್ಮುಸೆನ್ ಆರ್ಕ್ಟಿಕ್ ನಾಡುಗಳನ್ನು ಸುತ್ತಿ, ಅಲ್ಲಿನ ಮೂಲನಿವಾಸಿಗಳಾದ ಇನುಯಿಟ್ ಜನರ ಕಥೆ, ನಂಬಿಕೆಗಳನ್ನು ಬರೆದಿಟ್ಟವನು. ಅವನ ಹೆಸರು ಅಂದ ಕೂಡಲೇ ಹೆಚ್ಚಿನವರು ನಾಯಿಗಾಡಿ, ಹಿಮ, ಸಾವಿರಾರು ಕಿಲೋಮೀಟರ್ ಪ್ರಯಾಣ ಅಂತ ಶುರು ಮಾಡುತ್ತಾರೆ. ನಾನು ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಅವನು ಹುಟ್ಟಿದ ಮನೆಗೆ ಹೋಗೋಣ. ಅವನ ದೊಡ್ಡ ಕೆಲಸಕ್ಕೆಲ್ಲ ಬುಡ ಆ ಮನೆಯಲ್ಲೇ ಇದೆ ಅಂತ ನಾನು ನಂಬಿದ್ದೇನೆ.

ಊರು ಇಲುಲಿಸಾಟ್. ಗ್ರೀನ್‌ಲ್ಯಾಂಡಿನ ಪಶ್ಚಿಮ ಕರಾವಳಿಯಲ್ಲಿ, ಆರ್ಕ್ಟಿಕ್ ವೃತ್ತಕ್ಕಿಂತ ಎಷ್ಟೋ ಮೇಲೆ ಇದೆ. ಹೆಸರಿನ ಅರ್ಥವೇ ‘ತೇಲುವ ಹಿಮಗುಡ್ಡಗಳು’. ಪಕ್ಕದ ಕೊಲ್ಲಿಯ ಒಳತುದಿಯಲ್ಲಿ ದೊಡ್ಡ ಹಿಮನದಿ ಸಮುದ್ರಕ್ಕೆ ಇಳಿಯುತ್ತದೆ, ಅದರ ತುದಿ ಮುರಿದು ಮುರಿದು ಬೀಳುತ್ತದೆ, ಬಿದ್ದ ತುಂಡುಗಳು ಮನೆಗಿಂತ, ಚರ್ಚಿಗಿಂತ ಎತ್ತರವಾಗಿ ಕಿಟಕಿ ಮುಂದೆ ತೇಲಿಕೊಂಡು ಹೋಗುತ್ತವೆ. ನವೆಂಬರ್ ಕೊನೆಗೆ ಮುಳುಗಿದ ಸೂರ್ಯ ಮತ್ತೆ ಮುಖ ತೋರಿಸುವುದು ಜನವರಿ ಮಧ್ಯದಲ್ಲಿ. ಇವತ್ತಿಗೂ ಆ ದಿನ ಊರವರು ಗುಡ್ಡ ಹತ್ತಿ ನಿಂತು, ಸೂರ್ಯನ ಮೊದಲ ಅಂಚು ಕಾಣುವುದನ್ನೇ ಕಾಯುತ್ತಾರೆ. ಬೇಸಿಗೆಯಲ್ಲಿ ಎರಡು ತಿಂಗಳು ಸೂರ್ಯ ಮುಳುಗುವುದೇ ಇಲ್ಲ. ಮಕ್ಕಳನ್ನು ಮಲಗಿಸುವುದು ಹೇಗೋ!

ಅಲ್ಲಿನ ಪಾದ್ರಿ ಕ್ರಿಸ್ಟಿಯನ್ ರಾಸ್ಮುಸೆನ್, ಡೆನ್ಮಾರ್ಕಿನವರು. ಹೆಂಡತಿ ಲೊವೀಸೆ ಫ್ಲೈಷರ್ ಗ್ರೀನ್‌ಲ್ಯಾಂಡಿನ ನೆಲದವಳೇ. ಅವಳ ವಂಶದಲ್ಲಿ ಇನುಯಿಟ್ ರಕ್ತವೂ ಇತ್ತು. 1879ರ ಜೂನ್ 7ರಂದು ಇವರಿಗೆ ಗಂಡು ಮಗು ಹುಟ್ಟಿತು. ಕ್ನುದ್ ಅಂತ ತಾಯಿಯ ಅಪ್ಪನ ಹೆಸರನ್ನೇ ಇಟ್ಟರು, ನಮ್ಮಲ್ಲಿ ತಾತನ ಹೆಸರು ಇಡುವ ಹಾಗೆ. ಆದರೆ ಊರವರ ಬಾಯಲ್ಲಿ ಅವನು ಕುನೂಂಗುವಾಕ್, ಅಂದರೆ ‘ಪುಟ್ಟ ಕ್ನುದ್’. ದೊಡ್ಡವನಾದ ಮೇಲೂ ಗ್ರೀನ್‌ಲ್ಯಾಂಡಿನ ಜನ ಅವನನ್ನು ಹಾಗೇ ಕರೆದರು.

ಈಗ ಆ ಮನೆಯೊಳಗಿನ ಮಾತಿಗೆ ಬರುತ್ತೇನೆ. ಅಪ್ಪ ಇನುಯಿಟ್ ಭಾಷೆಯನ್ನು ಶ್ರದ್ಧೆಯಿಂದ ಕಲಿತಿದ್ದವರು. 1888ರಲ್ಲಿ ಅದಕ್ಕೊಂದು ವ್ಯಾಕರಣ ಬರೆದರು. 1893ರಲ್ಲಿ ಇನ್ನೊಬ್ಬರ ಜೊತೆ ಸೇರಿ ಡೇನಿಷ್-ಗ್ರೀನ್‌ಲ್ಯಾಂಡಿಕ್ ನಿಘಂಟು ತಂದರು. ನಮ್ಮ ಕಿಟ್ಟೆಲ್ ನಿಘಂಟು ಬಂದದ್ದು ಅದರ ಮರುವರ್ಷ, 1894ರಲ್ಲಿ. ಕಿಟ್ಟೆಲ್ ಕೂಡ ಪಾದ್ರಿ ಮಗನೇ. ಇದು ಸುಮ್ನೆ ನೆನಪಾಯಿತು, ಹೇಳದೆ ಇರಲು ಆಗಲಿಲ್ಲ. ಭೂಮಿಯ ಎರಡು ಮೂಲೆಗಳಲ್ಲಿ ಇಬ್ಬರು ಪಾದ್ರಿಗಳು ಒಂದೇ ಕಾಲದಲ್ಲಿ, ತಮ್ಮದಲ್ಲದ ಭಾಷೆಯ ಒಂದೊಂದು ಪದವನ್ನೂ ಚೀಟಿಗೆ ಇಳಿಸುತ್ತಾ ದೀಪದ ಮುಂದೆ ಕೂತಿದ್ದರು ಅನ್ನುವುದು ನನಗೆ ತುಂಬಾ ಇಷ್ಟವಾಗುವ ಸಂಗತಿ.

ಅಪ್ಪ ಪುಸ್ತಕ ಇಟ್ಟುಕೊಂಡು ಕಲಿತದ್ದನ್ನು ಮಗ ಬೀದಿಯಲ್ಲಿ ಕಲಿತ. ಅವನ ಜೊತೆ ಆಡುತ್ತಿದ್ದವರೆಲ್ಲ ಬೇಟೆಗಾರರ ಮಕ್ಕಳು. ಪಾದ್ರಿ ಮಗ ಅಂತ ಅವನನ್ನು ಮನೆಯೊಳಗೆ ಕೂರಿಸಲಿಲ್ಲ, ಇದು ದೊಡ್ಡ ವಿಷಯ. ಚಿಕ್ಕ ವಯಸ್ಸಿನಲ್ಲೇ ನಾಯಿಗಳನ್ನು ಗಾಡಿಗೆ ಕಟ್ಟಿ ಓಡಿಸಲು ಕಲಿತ, ಬೇಟೆ ಕಲಿತ, ಚಳಿ ಸಹಿಸುವುದನ್ನು ಕಲಿತ. ಬೇರೆಯವರಿಗೆ ಪ್ರಾಣ ಹೋಗುವಂಥ ಪ್ರಯಾಣ ತನಗೆ ಸಹಜ ಅನ್ನಿಸಿದ್ದಕ್ಕೆ ಕಾರಣ ಆ ಗೆಳೆಯರೇ ಅಂತ ಅವನೇ ಮುಂದೆ ಬರೆದಿದ್ದಾನೆ. ಅದೇ ಊರಲ್ಲಿ ಹುಟ್ಟಿದ ಯೋರ್ಗನ್ ಬ್ರೋನ್‌ಲುಂಡ್ ಅವನ ಬಾಲ್ಯದ ಗೆಳೆಯ. ಮುಂದೆ ಇಬ್ಬರೂ ಸೇರಿ ಪ್ರಯಾಣ ಮಾಡಿದರು. 1907ರಲ್ಲಿ ಇನ್ನೊಂದು ತಂಡದ ಜೊತೆ ಹೋದ ಯೋರ್ಗನ್ ಗ್ರೀನ್‌ಲ್ಯಾಂಡಿನ ಈಶಾನ್ಯ ಮೂಲೆಯ ಹಿಮದಲ್ಲೇ ತೀರಿಕೊಂಡ.

ಆಮೇಲೆ ಕಥೆಗಳು. ಒಬ್ಬ ಮುದುಕಿ ಹೇಳುತ್ತಿದ್ದಳಂತೆ: ಉತ್ತರಕ್ಕೆ, ಭೂಮಿ ಮುಗಿಯುವ ಜಾಗದಲ್ಲಿ, ಕರಡಿ ಚರ್ಮ ತೊಟ್ಟು ಹಸಿ ಮಾಂಸ ತಿನ್ನುವ ಜನ ಇದ್ದಾರೆ, ಅವರ ನಾಡನ್ನು ಯಾವಾಗಲೂ ಹಿಮ ಮುಚ್ಚಿರುತ್ತದೆ ಅಂತ. ಪ್ರಯಾಣ ಅಂದರೆ ಏನು ಅಂತಲೂ ಗೊತ್ತಿಲ್ಲದ ವಯಸ್ಸಿನಲ್ಲಿ ಆ ಹುಡುಗ ‘ಒಂದಿನ ಅವರ ಹತ್ತಿರ ಹೋಗೇ ಹೋಗುತ್ತೇನೆ’ ಅಂತ ಮನಸ್ಸು ಮಾಡಿದ.

ಇಲ್ಲಿ ಒಂದು ಕಷ್ಟದ ಮಾತನ್ನೂ ಹೇಳಬೇಕು. ಹಾನ್ಸ್ ಎಗೆಡೆ ಅನ್ನುವ ಪಾದ್ರಿ ಗ್ರೀನ್‌ಲ್ಯಾಂಡಿಗೆ ಬಂದದ್ದು 1721ರಲ್ಲಿ. ಕ್ನುದ್ ಹುಟ್ಟುವ ಹೊತ್ತಿಗೆ ಒಂದೂವರೆ ಶತಮಾನ ಕಳೆದಿತ್ತು. ಪಶ್ಚಿಮ ಕರಾವಳಿಯಲ್ಲಿ ಹಳೆಯ ‘ಆಂಗಕ್ಕೊಕ್’ಗಳ ಕಾಲ ಮುಗಿದಿತ್ತು. ಆಂಗಕ್ಕೊಕ್ ಅಂದರೆ ಆತ್ಮಗಳ ಜೊತೆ ಮಾತಾಡಿ ಬೇಟೆ ಯಾಕೆ ಸಿಗುತ್ತಿಲ್ಲ, ಕಾಯಿಲೆ ಯಾಕೆ ಬಂತು ಅಂತ ಹೇಳುವವರು. ಚರ್ಚು ಅವರನ್ನು ಸುಮ್ಮನಾಗಿಸಿತ್ತು. ಆ ಚರ್ಚೇ ಅಪ್ಪನ ಕೆಲಸ, ಮನೆಯ ಅನ್ನ. ನಮ್ಮ ಹುಡುಗ ಜೀವನವೆಲ್ಲ ಹುಡುಕಿದ್ದು ಆ ಚರ್ಚು ಅಳಿಸಿದ ಮಾತುಗಳನ್ನೇ. ಇದರಲ್ಲಿ ಅಪ್ಪ-ಮಗನ ಜಗಳ ನನಗೆ ಕಾಣುವುದಿಲ್ಲ. ಅಪ್ಪ ಪದಗಳನ್ನು ಉಳಿಸಿದರು, ಮಗ ಆ ಪದಗಳಲ್ಲಿ ಹೇಳುತ್ತಿದ್ದ ಕಥೆಗಳನ್ನು ಉಳಿಸಲು ಹೊರಟ.

12 ವರ್ಷದ ಹುಡುಗನನ್ನು ಡೆನ್ಮಾರ್ಕಿಗೆ ಕರೆದುಕೊಂಡು ಹೋದರು. ಓದು ಅವನಿಗೆ ಸುಲಭವಾಗಲಿಲ್ಲ. ನಟನಾಗಬೇಕು, ಆಪೆರಾ ಹಾಡುಗಾರನಾಗಬೇಕು ಅಂತಲೂ ಒಂದಷ್ಟು ದಿನ ಓಡಾಡಿದ. 1902ರಲ್ಲಿ ಒಂದು ತಂಡ ಸೇರಿ ಮತ್ತೆ ಗ್ರೀನ್‌ಲ್ಯಾಂಡಿಗೆ ಬಂದ. ಮರುವರ್ಷವೇ ಮುದುಕಿ ಹೇಳಿದ್ದ ಉತ್ತರದ ಆ ಜನರ ಹತ್ತಿರ ಹೋದ. ಅವರು ನಿಜವಾಗಿ ಇದ್ದರು!

1921ರಿಂದ 1924ರವರೆಗೆ ಅವನ ಅತಿ ದೊಡ್ಡ ಯಾತ್ರೆ ನಡೆಯಿತು. ಕೆನಡಾದ ಹಡ್ಸನ್ ಕೊಲ್ಲಿಯ ಕಡೆಯಿಂದ ನಾಯಿಗಾಡಿಯಲ್ಲಿ ಅಲಾಸ್ಕಾದವರೆಗೆ. ಕೊನೆಯ ದೂರದ ದಾರಿಯಲ್ಲಿ ಜೊತೆಗಿದ್ದವರು ಉತ್ತರ ಗ್ರೀನ್‌ಲ್ಯಾಂಡಿನ ಇಬ್ಬರೇ, ಆರ್ನಾರುಲುಂಗುವಾಕ್ ಅನ್ನುವ ಹೆಂಗಸು ಮತ್ತು ಮಿತೆಕ್ ಅನ್ನುವ ಯುವಕ. ಎಲ್ಲಿಗೆ ಹೋದರೂ ದುಭಾಷಿ ಬೇಕಾಗಲಿಲ್ಲ. ಉಚ್ಚಾರ ಬೇರೆ, ಕೆಲವು ಪದ ಬೇರೆ, ಆದರೆ ಬೇರು ಒಂದೇ. ಗ್ರೀನ್‌ಲ್ಯಾಂಡಿನಲ್ಲಿ ಮನೆಗೆ ‘ಇಲ್ಲು’, ಕೆನಡಾದಲ್ಲಿ ‘ಇಗ್ಲು’. ಧಾರವಾಡದವರು ಮೈಸೂರಿಗೆ ಬಂದಾಗ ಮೊದಲೆರಡು ದಿನ ಕಿವಿ ಹೊಂದಿಸಿಕೊಳ್ಳುತ್ತಾರಲ್ವಾ, ಹಾಗೆ. ಬೀದಿಯಲ್ಲಿ ಆಡುತ್ತಾ ಕಲಿತ ಭಾಷೆ ಅಷ್ಟು ದೂರ ನಡೆಯಿತು.

1922ರಲ್ಲಿ ಅವಾ ಅನ್ನುವ ಆಂಗಕ್ಕೊಕ್ ಸಿಕ್ಕ. ನಿಮ್ಮ ನೇಮಗಳೆಲ್ಲ ಯಾಕೆ, ಇದನ್ನು ತಿನ್ನಬಾರದು, ಅದನ್ನು ಹೊಲಿಯಬಾರದು ಅಂತ ಯಾಕೆ, ಅಂತ ಕ್ನುದ್ ಕೇಳುತ್ತಲೇ ಇದ್ದ. ಒಂದು ಸಂಜೆ ಅವಾ ಅವನನ್ನು ಹೊರಗೆ ಕರೆದುಕೊಂಡು ಹೋದ. ಹಿಮಗಾಳಿ ಬೀಸುತ್ತಿತ್ತು, ಬೇಟೆಗೆ ಹೋದವರು ಬರಿಗೈಯಲ್ಲಿ ಬರುತ್ತಿದ್ದರು. ಈ ಗಾಳಿ ಯಾಕೆ ಅಂತ ಅವಾ ಕೇಳಿದ. ಮಕ್ಕಳು ಚಳಿಗೆ ನಡುಗುತ್ತಿದ್ದ ಮನೆಗೆ ಕರೆದುಕೊಂಡು ಹೋದ. ಅಲ್ಲಿ ಎಣ್ಣೆಯಿಲ್ಲದೆ ದೀಪ ಆರುತ್ತಾ ಇತ್ತು. ಈ ಮಕ್ಕಳು ಯಾಕೆ ನಡುಗಬೇಕು ಅಂದ. ಕಾಯಿಲೆ ಬಿದ್ದ ತನ್ನ ಅಕ್ಕನನ್ನು ತೋರಿಸಿ, ಯಾರಿಗೂ ಕೆಟ್ಟದು ಮಾಡದ ಇವಳಿಗೆ ಇದು ಯಾಕೆ ಅಂದ. ನೋಡು, ‘ಯಾಕೆ’ ಅಂದರೆ ನೀನೂ ಉತ್ತರ ಹೇಳಲಾರೆ. ನಾವು ನಂಬುವುದಿಲ್ಲ, ಹೆದರುತ್ತೇವೆ. ಹೀಗೆ ಹೇಳಿದ.

ಪಾದ್ರಿ ಮಗ ಅದಕ್ಕೆ ಎದುರು ಮಾತಾಡಲಿಲ್ಲ. ಕೇಳಿಸಿಕೊಂಡ, ಬರೆದುಕೊಂಡ. ಇದನ್ನು ಓದಿದಾಗಲೆಲ್ಲ ಅವನನ್ನು ಬೀದಿಗೆ ಆಡಲು ಬಿಟ್ಟ ಆ ಅಪ್ಪ-ಅಮ್ಮನನ್ನು ನೆನೆಯುತ್ತೇನೆ.

ಸ್ವಲ್ಪ ಕಾಲದಲ್ಲೇ ಅವಾ ಕೂಡ ಕ್ರೈಸ್ತನಾದ. ಕ್ನುದ್ ಬರೆದುಕೊಂಡದ್ದು ಅದಕ್ಕೂ ಮುಂಚೆ.