ಮಗುವಿನ ಕಾರ್ ಸೀಟ್: ಪೆಟ್ಟಿಗೆಯ ಮೇಲಿನ ವಯಸ್ಸನ್ನು ನಂಬಬೇಡಿ

ನಮಸ್ಕಾರ. ಕಾರಿನಲ್ಲಿ ಹೋಗುವಾಗ ಎಳೆಯ ಮಗುವಿಗೆ ತಾಯಿಯ ಮಡಿಲಿಗಿಂತ ಭದ್ರವಾದ ಜಾಗ ಇನ್ನೊಂದಿಲ್ಲ ಎಂದು ನಮ್ಮಲ್ಲಿ ಬಹಳ ಮಂದಿ ಇಂದಿಗೂ ನಂಬಿದ್ದಾರೆ. ಬಾಣಂತನ ಮುಗಿಸಿ ತವರಿನಿಂದ ಹೊರಟ ಕಾರಿನಲ್ಲಿ ಮಗು ಅಜ್ಜಿಯ ತೊಡೆಯ ಮೇಲಿರುತ್ತದೆ. ಸ್ವಲ್ಪ ಬೆಳೆದ ಮೇಲೆ ಮುಂದಿನ ಸೀಟಿಗೆ ಬಡ್ತಿ ಸಿಗುತ್ತದೆ. ಈ ನಂಬಿಕೆಯನ್ನು ಒಂದು ಸರಳ ಲೆಕ್ಕಕ್ಕೆ ಒಡ್ಡಿ ನೋಡೋಣ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿರುವ ಕಾರು ಡಿಕ್ಕಿ ಹೊಡೆದು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ನಿಂತಿತೆಂದರೆ, 10 ಕಿಲೋ ತೂಕದ ಮಗುವನ್ನು ಹಿಡಿದಿಡಲು ಸುಮಾರು 140 ಕಿಲೋ ಭಾರವನ್ನು ಎತ್ತುವಷ್ಟು ಬಲ ಬೇಕಾಗುತ್ತದೆ. ಅಷ್ಟು ಬಲ ಯಾರ ತೋಳಿನಲ್ಲೂ ಇಲ್ಲ. ಮಗುವನ್ನು ಹಿಡಿದವರು ಬೆಲ್ಟ್ ಹಾಕಿಕೊಂಡಿರದಿದ್ದರೆ ಅವರ ಮೈಭಾರವೂ ಮಗುವಿನ ಮೇಲೆಯೇ ಬೀಳುತ್ತದೆ.

2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನ ಪ್ರಕಾರ, 14 ವರ್ಷ ತುಂಬದ ಮಗುವಿಗೆ ಸೀಟ್ ಬೆಲ್ಟನ್ನಾಗಲಿ ಮಕ್ಕಳ ಸುರಕ್ಷಾ ಆಸನವನ್ನಾಗಲಿ ಬಳಸದೆ ಕಾರು ಓಡಿಸಿದವರಿಗೆ 1,000 ರೂಪಾಯಿ ದಂಡವಿದೆ. ಆದರೆ ಅಂಗಡಿಯಲ್ಲಿ ಸಾಲಾಗಿ ಇಟ್ಟಿರುವ ಸೀಟುಗಳಲ್ಲಿ ನಿಮ್ಮ ಮಗುವಿಗೆ ಯಾವುದು ಸರಿ ಎಂಬುದನ್ನು ಆ ಕಲಮು ಹೇಳುವುದಿಲ್ಲ. ಆ ಆಯ್ಕೆಯ ಬಗ್ಗೆ ನನ್ನ ಅಭಿಪ್ರಾಯವನ್ನು ಇಂದು ಹೇಳುತ್ತೇನೆ.

ಸೀಟಿನ ಪೆಟ್ಟಿಗೆಯ ಮೇಲೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ವಯಸ್ಸು. ಹುಟ್ಟಿದಾಗಿನಿಂದ 12 ವರ್ಷದವರೆಗೆ ಇದೊಂದೇ ಸಾಕು ಎಂದು ಬರೆದಿರುವುದನ್ನು ಕಂಡು ಹಣ ಉಳಿಯಿತೆಂದು ಸಂತೋಷಪಡುವವರಿದ್ದಾರೆ. ನನ್ನ ಮಟ್ಟಿಗೆ ವಯಸ್ಸು ಇಲ್ಲಿ ಅತ್ಯಂತ ದುರ್ಬಲವಾದ ಅಳತೆ, ಏಕೆಂದರೆ ಒಂದೇ ತಿಂಗಳಿನಲ್ಲಿ ಹುಟ್ಟಿದ ಇಬ್ಬರು ಮಕ್ಕಳ ಎತ್ತರ ಮತ್ತು ತೂಕದಲ್ಲಿ ಬಹಳ ವ್ಯತ್ಯಾಸವಿರಬಹುದು. ಯುರೋಪಿನ ಹಳೆಯ ಆರ್44 ಮಾನದಂಡ ಸೀಟುಗಳನ್ನು ಮಗುವಿನ ತೂಕದ ಮೇಲೆ ವಿಂಗಡಿಸುತ್ತದೆ. ಹೊಸದಾದ ಆರ್129 ಮುಖ್ಯವಾಗಿ ಎತ್ತರವನ್ನು ಹಿಡಿಯುತ್ತದೆ ಮತ್ತು ಪಕ್ಕದಿಂದ ಬೀಳುವ ಹೊಡೆತದ ಪರೀಕ್ಷೆಯನ್ನೂ ಕಡ್ಡಾಯಗೊಳಿಸುತ್ತದೆ. ನಮ್ಮ ದೇಶದ ಮಾನದಂಡ ಎಐಎಸ್-072. ಇವುಗಳಲ್ಲಿ ಒಂದಾದರೂ ಸೀಟಿನ ಮೈಮೇಲೆ ಅಂಟಿಸಿದ ಚೀಟಿಯಲ್ಲಿ ಇಲ್ಲದಿದ್ದರೆ, ಬೆಲೆ ಎಷ್ಟೇ ಆಕರ್ಷಕವಾಗಿರಲಿ, ಅದನ್ನು ಅಲ್ಲಿಯೇ ಬಿಟ್ಟು ಬನ್ನಿ.

ಇನ್ನು ಸೀಟಿನ ದಿಕ್ಕಿನ ವಿಚಾರ. ನಾನು ರಾಜಿಗೆ ಸಿದ್ಧನಿಲ್ಲದ ವಿಷಯ ಇದೊಂದೇ. ಶಿಶುವಿನ ತಲೆ ಅದರ ದೇಹದ ಉದ್ದದಲ್ಲಿ ಹೆಚ್ಚುಕಡಿಮೆ ಕಾಲು ಭಾಗದಷ್ಟಿರುತ್ತದೆ, ಕತ್ತಿನ ಮೂಳೆಗಳು ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಮುಂದಕ್ಕೆ ಮುಖ ಮಾಡಿ ಕುಳಿತ ಮಗುವಿನ ಮೈಯನ್ನು ಬೆಲ್ಟು ತಡೆದರೂ ತಲೆ ಮುಂದಕ್ಕೆ ಚಿಮ್ಮುತ್ತದೆ, ಆ ಸೆಳೆತವೆಲ್ಲ ಕತ್ತಿನ ಮೇಲೆ ಬೀಳುತ್ತದೆ. ಕಾರಿನ ಹಿಂಬದಿಗೆ ಮುಖ ಮಾಡಿದ ಸೀಟಿನಲ್ಲಾದರೆ ಅದೇ ಹೊಡೆತ ಬೆನ್ನು, ಕತ್ತು, ತಲೆಗಳಿಗೆಲ್ಲ ಒಟ್ಟಿಗೆ ಹಂಚಿಹೋಗುತ್ತದೆ. ಸ್ವೀಡನ್ನಿನ ಸಂಶೋಧಕ ಬರ್ಟಿಲ್ ಆಲ್ಡ್‌ಮನ್ 1960ರ ದಶಕದಲ್ಲಿ ಅಮೆರಿಕದ ಜೆಮಿನಿ ಬಾಹ್ಯಾಕಾಶ ಯೋಜನೆಯ ಗಗನಯಾತ್ರಿಗಳ ಆಸನವನ್ನು ಕಂಡು ಇಂಥ ಹಿಮ್ಮುಖ ಸೀಟನ್ನು ರೂಪಿಸಿದರು. ಆ ದೇಶದಲ್ಲಿ ಮಕ್ಕಳನ್ನು ನಾಲ್ಕು ವರ್ಷದ ಆಸುಪಾಸಿನವರೆಗೂ ಹೀಗೆಯೇ ಕೂರಿಸುವುದು ರೂಢಿಯಾಗಿದೆ. ನಮ್ಮಲ್ಲಿ ಮೊದಲ ಹುಟ್ಟುಹಬ್ಬ ಮುಗಿಯುತ್ತಿದ್ದಂತೆ, ಪಾಪ, ಮಗುವಿಗೆ ರಸ್ತೆ ಕಾಣಲಿ ಎಂದು ಸೀಟನ್ನು ತಿರುಗಿಸಿಬಿಡುತ್ತಾರೆ. ಆರ್129 ಹೇಳುವ 15 ತಿಂಗಳು ಕನಿಷ್ಠ ಮಿತಿ, ಅದು ತಲುಪಬೇಕಾದ ಗುರಿಯಲ್ಲ. ಸೀಟು ತಯಾರಕರು ಹಿಮ್ಮುಖ ಬಳಕೆಗೆ ಹೇಳಿದ ಎತ್ತರ ಮತ್ತು ತೂಕದ ಗಡಿ ಮುಟ್ಟುವವರೆಗೂ ತಿರುಗಿಸಬೇಡಿ. ಆದ್ದರಿಂದ ಕೊಳ್ಳುವಾಗಲೇ ಈ ಗಡಿ ಹೆಚ್ಚಿರುವ ಸೀಟನ್ನು ಆರಿಸಿ. ಕಾಲು ಮಡಚಿಕೊಂಡು ಕೂರಬೇಕಾಗುತ್ತದೆ ಎಂಬುದು ದೊಡ್ಡವರ ಚಿಂತೆಯೇ ಹೊರತು ಮಕ್ಕಳದ್ದಲ್ಲ. ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಮಾತ್ರ ಹಿಮ್ಮುಖ ಆಸನವನ್ನು ಎಂದೂ ಇಡಬಾರದು. ಏರ್‌ಬ್ಯಾಗ್ ಸಿಡಿಯುವ ರಭಸ ನೇರವಾಗಿ ಮಗುವಿನ ತಲೆಯ ಹಿಂಬದಿಗೆ ಬಡಿಯುತ್ತದೆ.

ಮಗುವಿಗೆ ಹೊಂದಿದ ಸೀಟು ನಿಮ್ಮ ಕಾರಿಗೂ ಹೊಂದಬೇಕು. ಹಿಂದಿನ ಸೀಟಿನ ಬೆನ್ನು ಮತ್ತು ಕೂರುವ ಭಾಗ ಸೇರುವ ಸಂದಿಯಲ್ಲಿ ಕೈಯಾಡಿಸಿದರೆ ಐಸೋಫಿಕ್ಸ್ ಎಂಬ ಲೋಹದ ಕೊಂಡಿಗಳು ಸಿಗುತ್ತವೆಯೇ ನೋಡಿ. ಇದ್ದರೆ ಸೀಟನ್ನು ತಪ್ಪಾಗಿ ಕೂರಿಸುವ ಸಾಧ್ಯತೆ ಬಹಳ ಕಡಿಮೆಯಾಗುತ್ತದೆ. ಇಲ್ಲದಿದ್ದರೆ ಕಾರಿನ ಮೂರು ಬಿಂದುಗಳ ಬೆಲ್ಟಿನಿಂದ ಬಿಗಿಯುವ ಸೀಟೂ ಸರಿಯೇ, ಆದರೆ ಬಿಗಿದ ಮೇಲೆ ಬೆಲ್ಟು ಹಾದುಹೋಗುವ ಜಾಗದಲ್ಲಿ ಹಿಡಿದು ಅಲುಗಾಡಿಸಿದಾಗ ಅದು ಒಂದು ಅಂಗುಲಕ್ಕಿಂತ ಹೆಚ್ಚು ಸರಿಯಬಾರದು. ಕೆಲವು ಸೀಟುಗಳಿಗೆ ನೆಲಕ್ಕೆ ಊರುವ ಕಾಲಿರುತ್ತದೆ. ಕಾರಿನ ನೆಲದಡಿಯಲ್ಲಿ ಸಾಮಾನಿಡುವ ಪೆಟ್ಟಿಗೆ ಇದ್ದರೆ, ಕಾರಿನ ಕೈಪಿಡಿಯನ್ನು ಓದದೆ ಆ ಮುಚ್ಚಳದ ಮೇಲೆ ಕಾಲನ್ನು ಊರಬೇಡಿ. ಸಣ್ಣ ಕಾರುಗಳಲ್ಲಿ ಹಿಮ್ಮುಖ ಸೀಟು ಇಟ್ಟರೆ ಮುಂದೆ ಕೂರುವವರ ಮೊಣಕಾಲು ಡ್ಯಾಶ್‌ಬೋರ್ಡಿಗೆ ತಾಗುವುದುಂಟು. ಅದಕ್ಕೇ ಆನ್‌ಲೈನಿನಲ್ಲಿ ನಕ್ಷತ್ರ ಎಣಿಸಿ ತರಿಸುವ ಬದಲು, ಸಾಧ್ಯವಿದ್ದಲ್ಲಿ ಮಗುವನ್ನೂ ಕಾರನ್ನೂ ಅಂಗಡಿಗೆ ಒಯ್ದು ಕೂರಿಸಿ ನೋಡಿ ಎನ್ನುತ್ತೇನೆ.

ನಕ್ಷತ್ರ ಎಂದೆನಲ್ಲ, ಕಾರುಗಳನ್ನು ಡಿಕ್ಕಿ ಹೊಡೆಸಿ ಪರೀಕ್ಷಿಸಿ ಸುರಕ್ಷತೆಗೆ ನಕ್ಷತ್ರ ಕೊಡುವ, 2023ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ಭಾರತ್ ಎನ್‌ಸಿಎಪಿ ವ್ಯವಸ್ಥೆ ಮಕ್ಕಳ ರಕ್ಷಣೆಗೆಂದೇ ಪ್ರತ್ಯೇಕವಾಗಿ 49 ಅಂಕಗಳನ್ನು ಇಟ್ಟಿದೆ. ಪರೀಕ್ಷೆಯಲ್ಲಿ 18 ತಿಂಗಳ ಮತ್ತು 3 ವರ್ಷದ ಮಕ್ಕಳ ಅಳತೆಯ ಗೊಂಬೆಗಳನ್ನು ಕಾರ್ ಸೀಟಿನಲ್ಲಿ ಕಟ್ಟಿ ಕೂರಿಸುತ್ತಾರೆ. ಐದು ನಕ್ಷತ್ರದ ಕಾರು ಕೊಂಡು ಮಗುವನ್ನು ತೊಡೆಯ ಮೇಲೆ ಕೂರಿಸಿದರೆ ಆ ನಕ್ಷತ್ರಗಳಲ್ಲಿ ಮಗುವಿನ ಪಾಲಿಗೆ ಒಂದೂ ಉಳಿಯುವುದಿಲ್ಲ.

ತೊಟ್ಟಿಲಿನಂತೆ ಕಾರ್ ಸೀಟನ್ನೂ ಅಕ್ಕನ ಮಗುವಿನಿಂದ ತಂಗಿಯ ಮಗುವಿಗೆ ದಾಟಿಸುವವರಿದ್ದಾರೆ. ಅದು ಅಪಘಾತಕ್ಕೆ ಸಿಕ್ಕಿಲ್ಲ, ಅದರ ಬಳಕೆಯ ಅವಧಿ ಮುಗಿದಿಲ್ಲ ಎಂಬುದು ಖಚಿತವಿದ್ದರೆ ನನ್ನ ತಕರಾರಿಲ್ಲ. ಅಪರಿಚಿತರಿಂದ ಮಾತ್ರ ಹಳೆಯದನ್ನು ಕೊಳ್ಳಬೇಡಿ. ಸೀಟಿನ ಜೊತೆಗೆ ಬಾರದ ದಿಂಬು, ಮೆತ್ತೆಗಳನ್ನು ಮಗುವಿನ ಬೆನ್ನಿಗೆ ಕೊಡಬೇಡಿ. ಬೆಲ್ಟು ಹಾಕಿದ ಮೇಲೆ ಭುಜದ ಬಳಿ ಅದನ್ನು ಎರಡು ಬೆರಳಿನಲ್ಲಿ ಚಿವುಟಲು ನೋಡಿ, ಮಡಿಕೆ ಸಿಕ್ಕಿದರೆ ಇನ್ನೂ ಸಡಿಲವಿದೆ ಎಂದರ್ಥ. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ನಿಂತಿದ್ದ ಕಾರಾದರೆ ಬಕಲಿನ ಲೋಹವನ್ನು ಮೊದಲು ನಿಮ್ಮ ಕೈಯಿಂದ ಮುಟ್ಟಿ ನೋಡುವುದು ಒಳ್ಳೆಯದು.

ವಿದೇಶದಲ್ಲಿರುವ ನಮ್ಮವರನ್ನು ಕುರಿತು ಒಂದು ಮಾತು ಹೇಳಲೇಬೇಕು. ಅಮೆರಿಕದಲ್ಲಿ ಆಸ್ಪತ್ರೆಯಿಂದ ಮನೆಗೆ ಬರುವ ದಿನದಿಂದಲೇ ಮಗುವನ್ನು ಕಾರ್ ಸೀಟಿನಲ್ಲಿ ಕೂರಿಸಿದ ದಂಪತಿಗಳು, ರಜೆಗೆ ಬಂದಾಗ ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ಮೈಸೂರಿನವರೆಗೆ ಅದೇ ಮಗುವನ್ನು ಟ್ಯಾಕ್ಸಿಯಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಹೋಗುವುದು ನನಗೆ ಅರ್ಥವಾಗುವುದಿಲ್ಲ. ಇಲ್ಲಿಯ ಟ್ಯಾಕ್ಸಿಗಳಲ್ಲಿ ಸೀಟು ಸಿಗುವುದು ಅಪರೂಪ, ನಿಜ. ಹಾಗಾಗಿ ಬೆಲ್ಟಿನಿಂದ ಬಿಗಿಯಬಹುದಾದ ಹಗುರ ಸೀಟನ್ನು ಜೊತೆಗೆ ತರುವುದೇ ಅವರಿಗಿರುವ ದಾರಿ.

ದೊಡ್ಡ ಮಕ್ಕಳಿಗೆ ಬೂಸ್ಟರ್ ಸಾಕು, ಅಂದರೆ ಕಾರಿನ ಬೆಲ್ಟೇ ಮೈಗೆ ಸರಿಯಾಗಿ ಕೂರುವಂತೆ ಮಗುವನ್ನು ಎತ್ತರಿಸುವ ಆಸನ. ಸುಮಾರು 135ರಿಂದ 150 ಸೆಂಟಿಮೀಟರ್ ಎತ್ತರ ಬರುವವರೆಗೆ ಅದು ಬೇಕಾಗುತ್ತದೆ. ಅದನ್ನು ಬಿಡಬೇಕಾದರೆ, ಬೂಸ್ಟರ್ ಇಲ್ಲದೆ ಬೆನ್ನು ಪೂರ್ತಿ ಒರಗಿಸಿ ಕುಳಿತಾಗ ಮೊಣಕಾಲು ಸೀಟಿನ ಅಂಚಿನಲ್ಲಿ ಬಾಗಬೇಕು, ಕೆಳಗಿನ ಪಟ್ಟಿ ಹೊಟ್ಟೆಯ ಮೇಲಲ್ಲದೆ ಸೊಂಟದ ಮೂಳೆಯ ಮೇಲೆ ಕೂರಬೇಕು, ಮೇಲಿನ ಪಟ್ಟಿ ಕತ್ತಿಗೆ ತಾಗದೆ ಭುಜದ ನಡುವೆ ಹಾಯಬೇಕು. ಸೀಟಿನ ಆಳ ಕಾರಿನಿಂದ ಕಾರಿಗೆ ಬೇರೆಯಾಗಿರುವುದರಿಂದ, ನಿಮ್ಮ ಕಾರಿನಲ್ಲಿ ಬೂಸ್ಟರ್ ಬಿಟ್ಟ ಮಗುವಿಗೆ ಚಿಕ್ಕಪ್ಪನ ಕಾರಿನಲ್ಲಿ ಅದು ಮತ್ತೆ ಬೇಕಾಗಬಹುದು.