ಚಳಿಜ್ವರದ ಡಂಗುರ

ಕೇಳುಗರಿಗೆಲ್ಲ ನಮಸ್ಕಾರ. ಮಲೇರಿಯಾ ಬಂದಾಗ ಮೈ ಸುಡುವುದು ಯಾರಿಂದ? ಸೊಳ್ಳೆ ಅಂತೀರಿ, ಇಲ್ಲವೇ ರೋಗಾಣು ಅಂತೀರಿ. ಅಲ್ಲ. ಜ್ವರ ಬರಿಸುವುದು ನಮ್ಮದೇ ಮೈ.

ಮಂಗಳೂರಿನಲ್ಲಿ ಮೇಸ್ತ್ರಿಯೊಬ್ಬರು ನನ್ನಲ್ಲಿಗೆ ಬಂದು, "ಡಾಕ್ಟ್ರೇ, ನಾಳೆ ಮೂರು ಗಂಟೆಗೆ ನನಗೆ ಜ್ವರ ಬರ್ತದೆ" ಅಂದರು. ಬಂದಿದೆ ಅಂತಲ್ಲ, ಬರ್ತದೆ! ಬಸ್ಸಿನ ಟೈಮು ಹೇಳಿದ ಹಾಗೆ. ಆಚೆ ಮೊನ್ನೆ ಮೂರಕ್ಕೆ ಹಲ್ಲು ಕಟಕಟ ಅಂದಿತ್ತಂತೆ. ಸುಡುಬಿಸಿಲಲ್ಲಿ ಖಾಲಿ ಸಿಮೆಂಟ್ ಚೀಲ ಹೊದ್ದು ಮಲಗಿದ್ದರಂತೆ. ಏಳಕ್ಕೆ ಬೆವರಿಳಿದು, ಎದ್ದು ಗಂಜಿ ಉಂಡಿದ್ದಾರೆ. ಮಾರನೇ ದಿನ ಆರಾಮ. ನಿನ್ನೆ ಮತ್ತೆ ಮೂರಕ್ಕೆ ಅದೇ ಕಥೆ. ಅಂಗಡಿಯ ಜ್ವರದ ಮಾತ್ರೆ ನುಂಗಿ ಕೆಲಸಕ್ಕೆ ಹೋಗುತ್ತಿದ್ದರು. ರಕ್ತ ನೋಡಿದರೆ ವೈವಾಕ್ಸ್ ಎಂಬ ಬಗೆಯ ಮಲೇರಿಯಾ.

ಈ ಗಡಿಯಾರ ಇಟಲಿಯ ವಿಜ್ಞಾನಿ ಗಾಲ್ಜಿಗೆ 1886ರಲ್ಲೇ ಕಂಡಿತ್ತು. ರೋಗಾಣು ಕೆಂಪು ರಕ್ತಕಣದೊಳಗೆ ಕೂತು ಮರಿ ಮಾಡುತ್ತದೆ. 48 ಗಂಟೆಗೊಮ್ಮೆ ರೋಗಾಣು ಹೊಕ್ಕ ಕಣಗಳೆಲ್ಲ ಒಟ್ಟಿಗೇ ಒಡೆಯುತ್ತವೆ, ಒಳಗಿನ ಕಸ ರಕ್ತಕ್ಕೆ ಬೀಳುತ್ತದೆ. ಅದನ್ನು ಕಂಡ ಬಿಳಿ ರಕ್ತಕಣಗಳು ಡಂಗುರ ಹೊಡೆಸುತ್ತವೆ. ಆ ಡಂಗುರದ ಹೆಸರು ಸೈಟೋಕೈನ್, ಅಂದರೆ ಕಣಗಳು ಸುದ್ದಿ ಮುಟ್ಟಿಸಲು ಬಿಡುವ ವಸ್ತು. ಅದರಲ್ಲಿ ಟಿಎನ್‌ಎಫ್ ಎಂಬುದರ ಸದ್ದು ಜೋರು. ಸುದ್ದಿ ಮಿದುಳಿಗೆ ಮುಟ್ಟಿದರೆ "ಕಾವು ಏರಿಸಿ" ಅಂತ ಅಪ್ಪಣೆ. ಸ್ನಾಯುಗಳು ನಡುಗಿ ಶಾಖ ಹುಟ್ಟಿಸುತ್ತವೆ. ಅದೇ ಮೇಸ್ತ್ರಿಯ ಚಳಿ! ಅಂದರೆ ಜ್ವರ ನಮ್ಮದು, ರೋಗಾಣು ಬೇರೆ.

ಇದನ್ನು ಎಷ್ಟು ಸಲ ಹೇಳಿದರೂ ಜನ ಜ್ವರ ಇಳಿದ ಕೂಡಲೇ ಕಾಯಿಲೆ ಹೋಯಿತು ಅಂದುಕೊಳ್ಳುತ್ತಾರೆ. ಡಂಗುರದವನ ಬಾಯಿ ಮುಚ್ಚಿದರೆ ಕಳ್ಳ ಊರು ಬಿಡುತ್ತಾನೆಯೇ?

ಸಮಯ ಆಯಿತು ಅಂತ ಸನ್ನೆ ಮಾಡುತ್ತಿದ್ದಾರೆ, ಉಳಿದದ್ದು ಬೇಗ ಹೇಳುತ್ತೇನೆ. ಡಂಗುರ ಅತಿಯಾದರೂ ಕೆಡುಕು. ಫಾಲ್ಸಿಪಾರಮ್ ಎಂಬ ಇನ್ನೊಂದು ಬಗೆಯ ಮಲೇರಿಯಾ ಮಿದುಳಿಗೇರಿದ ಮಕ್ಕಳ ರಕ್ತದಲ್ಲಿ ಟಿಎನ್‌ಎಫ್ ವಿಪರೀತ ಇರುತ್ತದೆ. "ಸಾಕು ನಿಲ್ಲಿಸಿ" ಅನ್ನುವ ಇಂಟರ್‌ಲ್ಯೂಕಿನ್-10 ಎಂಬ ಸೈಟೋಕೈನ್ ಕೂಡ ನಮ್ಮ ಮೈಯಲ್ಲಿದೆ. ಆಫ್ರಿಕಾದ ಗ್ಯಾಂಬಿಯಾದಲ್ಲಿ ಅಂಥ ಮಕ್ಕಳಿಗೆ ಟಿಎನ್‌ಎಫ್ ಕಟ್ಟಿಹಾಕುವ ಮದ್ದು ಕೊಟ್ಟು ನೋಡಿದರು. ಜ್ವರ ತಗ್ಗಿತು, ಸಾವು ತಗ್ಗಲಿಲ್ಲ.

ಹಾಗಾಗಿ ಚಳಿಜ್ವರ ಬಂದರೆ ಮೊದಲು ರಕ್ತ ಪರೀಕ್ಷೆ. ವೈವಾಕ್ಸ್ ಯಕೃತ್ತಿನಲ್ಲೂ ಅಡಗಿ ಕೂರುತ್ತದೆ, ಅದಕ್ಕೇ ಡಾಕ್ಟರು 14 ದಿನದ ಮಾತ್ರೆ ಬರೆಯುವುದು. ನಮ್ಮ ಮೇಸ್ತ್ರಿ ಐದನೇ ದಿನಕ್ಕೇ ಬಿಟ್ಟಿದ್ದರು. ಕೆಲವು ತಿಂಗಳ ಮೇಲೆ ಮತ್ತೆ ಬಾಗಿಲಲ್ಲಿ ಪ್ರತ್ಯಕ್ಷ: "ಡಾಕ್ಟ್ರೇ, ಈ ಸಲ ನಾಲ್ಕು ಗಂಟೆಗೆ ಬರ್ತದೆ."