ಥೆರಪಿಸ್ಟರನ್ನು ಇಲ್ಲೇ ತಯಾರು ಮಾಡುವುದು ಹೇಗೆ?

ಗೆಳೆಯರೇ,

ಹೊಸದಾಗಿ ಆಕ್ಯುಪೇಶನಲ್ ಥೆರಪಿ (ಕಾಯಿಲೆ, ಗಾಯ, ಅಂಗವೈಕಲ್ಯ ಇರುವವರು ತಮ್ಮ ದಿನನಿತ್ಯದ ಕೆಲಸ ಮಾಡಿಕೊಳ್ಳಲು ನೆರವಾಗುವ ಚಿಕಿತ್ಸೆ) ಕೋರ್ಸು ತೆರೆಯುವ ಮಾತು ಬಂದರೆ ಮೊದಲು ಚರ್ಚೆಗೆ ಬರುವುದು ಕಟ್ಟಡ, ಆಮೇಲೆ ಪಠ್ಯಕ್ರಮ. ಇವೆರಡನ್ನೂ ಕೊನೆಗೆ ನೋಡಿಕೊಳ್ಳಬಹುದು. ವಿದ್ಯಾರ್ಥಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸುವ ಥೆರಪಿಸ್ಟರು ಎಷ್ಟು ಜನ ಸಿಗುತ್ತಾರೆ ಎಂಬುದೇ ಮೊದಲ ಪ್ರಶ್ನೆ.

ಲೆಕ್ಕ ಹಾಕೋಣ. ಆಕ್ಯುಪೇಶನಲ್ ಥೆರಪಿಸ್ಟರ ವಿಶ್ವ ಒಕ್ಕೂಟ ಹುಟ್ಟಿದ್ದು 1952ರಲ್ಲಿ. ಅದರ ಶಿಕ್ಷಣ ಮಾನದಂಡದ ಪ್ರಕಾರ ಪ್ರತಿ ವಿದ್ಯಾರ್ಥಿಗೂ ಕನಿಷ್ಠ 1,000 ಗಂಟೆ ಕ್ಷೇತ್ರ ತರಬೇತಿ (ತರಗತಿಯ ಹೊರಗೆ, ಜನರ ಜೊತೆ ಕೆಲಸ ಮಾಡುತ್ತಾ ಕಲಿಯುವುದು) ಆಗಲೇಬೇಕು. ವರ್ಷಕ್ಕೆ 20 ಜನರ ಬ್ಯಾಚ್ ಎಂದರೆ 20,000 ಗಂಟೆ. ಒಬ್ಬ ಮಾರ್ಗದರ್ಶಕರು ಏಕಕಾಲಕ್ಕೆ ಇಬ್ಬರನ್ನು, ವಾರಕ್ಕೆ 35 ಗಂಟೆಯಂತೆ, ವರ್ಷದಲ್ಲಿ 20 ವಾರ ನೋಡಿಕೊಂಡರೂ ಆಗುವುದು 1,400 ಗಂಟೆ. ಅಂದರೆ 15 ಮಾರ್ಗದರ್ಶಕರು ಬೇಕು, ಅದೂ ಪ್ರತಿ ವರ್ಷ. ಈ ಸಂಖ್ಯೆ ಕೈಯಲ್ಲಿಲ್ಲದೆ ಶುರುವಾದ ಕೋರ್ಸುಗಳಲ್ಲಿ ವಿದ್ಯಾರ್ಥಿಗಳು ಗೋಡೆಗೆ ಒರಗಿ ನಿಂತು ನೋಡಿದ್ದನ್ನೇ ತರಬೇತಿ ಎಂದು ಬರೆದುಕೊಳ್ಳುತ್ತಾರೆ.

ವಿದ್ಯಾರ್ಥಿಗಳನ್ನು ಹೊರಗಿನ ಊರುಗಳಿಗೆ ಕಳಿಸಿ, ಕಲಿತ ಮೇಲೆ ಕರೆಸಿಕೊಂಡರೆ ಸಾಲದೇ? ಎಲ್ಲರೂ ಮರಳಿ ಬರುವುದಿಲ್ಲ ಎಂಬುದು ಒಂದು. ಅದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಈ ವೃತ್ತಿಯ ಕಚ್ಚಾವಸ್ತುವೇ ಜನರ ದಿನನಿತ್ಯದ ಕೆಲಸ. ಲಕ್ವ ಹೊಡೆದವರು ವಾರ್ಡಿನ ಸಮತಟ್ಟಾದ ಸ್ನಾನದ ಕೋಣೆಯಲ್ಲಿ, ಹಿಡಿಗಂಬಿ ಹಿಡಿದು, ಸಲೀಸಾಗಿ ಸ್ನಾನ ಮಾಡಬಹುದು. ಮನೆಯಲ್ಲಿ ಹೊಸ್ತಿಲು ದಾಟಬೇಕು, ಒದ್ದೆ ನೆಲದ ಮೇಲೆ ತಿರುಗಬೇಕು, ಒಂದೇ ಕೈಯಲ್ಲಿ ನಲ್ಲಿ ತಿರುಗಿಸಬೇಕು. ಎಲ್ಲಿ ಕೈಕೊಡುತ್ತದೆ ಎಂಬುದು ಆ ಮನೆಗೆ ಹೋಗಿ ಹಂತಹಂತವಾಗಿ ನೋಡಿದವರಿಗಷ್ಟೇ ಗೊತ್ತು. 15 ಸೆಂಟಿಮೀಟರ್ ಮೆಟ್ಟಿಲಿಗೆ 1:12ರ ಇಳಿಜಾರಿನಲ್ಲಿ 1.8 ಮೀಟರ್ ಉದ್ದದ ರ‍್ಯಾಂಪ್ ಬೇಕು. ಅಷ್ಟು ಜಾಗವೇ ಇಲ್ಲದ ಮನೆಯಲ್ಲಿ ಏನು ಮಾಡಬೇಕೆಂದು ಯಾವ ಪುಸ್ತಕವೂ ಹೇಳಿಕೊಡುವುದಿಲ್ಲ.

ಕೈಕೆಲಸದ ಮಾತೂ ಹಾಗೆಯೇ. ಗಾಯಗೊಂಡ ಕೈಗೆ ವಿಶ್ರಾಂತಿ ಸ್ಪ್ಲಿಂಟ್ (ಕೈಯನ್ನು ಸರಿಯಾದ ಭಂಗಿಯಲ್ಲಿ ಹಿಡಿದಿಡುವ ಗಟ್ಟಿ ಆಸರೆ) ಮಾಡುವಾಗ ಸಾಮಾನ್ಯವಾಗಿ ಮಣಿಕಟ್ಟನ್ನು 20ರಿಂದ 30 ಡಿಗ್ರಿ ಹಿಂದಕ್ಕೆ ಬಾಗಿಸಿ, ಬೆರಳಿನ ಬುಡದ ಕೀಲುಗಳನ್ನು 70 ಡಿಗ್ರಿಯ ಆಸುಪಾಸು ಮಡಿಸಿ, ಮುಂದಿನ ಕೀಲುಗಳನ್ನು ನೇರವಾಗಿಡಬೇಕು. ಬುಡದ ಕೀಲುಗಳು ನೇರವಾಗಿ ಉಳಿದರೆ ಅವುಗಳ ಪಕ್ಕದ ಅಸ್ಥಿರಜ್ಜು ಕುಗ್ಗಿ, ಮುಂದೆ ಮುಷ್ಟಿ ಕಟ್ಟಲು ಆಗದು. ಸ್ಪ್ಲಿಂಟ್ ಮಾಡುವ ಥರ್ಮೋಪ್ಲಾಸ್ಟಿಕ್ ಹಾಳೆ ಬಿಸಿನೀರಿನಲ್ಲಿ ಮೆತ್ತಗಾದ ಮೇಲೆ ಆಕಾರ ಕೊಡಲು ಸಿಗುವುದು ಕೆಲವೇ ನಿಮಿಷ. ಹೊಸಬರು ಬೆರಳ ತುದಿಯಿಂದ ಒತ್ತಿ ಗುಳಿ ಬೀಳಿಸುತ್ತಾರೆ. ಆ ಗುಳಿಯ ಒಳಬದಿಯ ಉಬ್ಬು ಚರ್ಮವನ್ನು ಕೊರೆಯುತ್ತದೆ. ಹಾಕಿದ 20-30 ನಿಮಿಷದ ನಂತರ ತೆಗೆದು ನೋಡಬೇಕು. ಕೆಂಪು ಕಲೆ ಬೇಗ ಮಾಯವಾಗದಿದ್ದರೆ ಸ್ಪ್ಲಿಂಟನ್ನು ತಿದ್ದಲೇಬೇಕು. ಇದನ್ನು ಯಾರ ಕೈಯನ್ನೂ ಮುಟ್ಟದೆ ಕಲಿಯಲಾಗದು.

ಎಲ್ಲ ಗಂಟೆಗಳನ್ನೂ ಒಂದೇ ಆಸ್ಪತ್ರೆಯಲ್ಲಿ ಮುಗಿಸುವುದು ಇನ್ನೊಂದು ತಪ್ಪು. ಮಕ್ಕಳು, ವೃದ್ಧರು, ಮಾನಸಿಕ ಆರೋಗ್ಯ, ಶಾಲೆ, ಮನೆಭೇಟಿ ಎಲ್ಲವೂ ಸಿಗಬೇಕು. ಥೆರಪಿಸ್ಟರೇ ಇಲ್ಲದ ಶಾಲೆಗೂ ಹಿರಿಯ ವಿದ್ಯಾರ್ಥಿಗಳನ್ನು ಕಳಿಸಬಹುದು: ದಿನನಿತ್ಯ ಅಲ್ಲಿನ ಶಿಕ್ಷಕರೊಬ್ಬರು ಗಮನಿಸಲಿ, ಥೆರಪಿಸ್ಟರು ವಾರಕ್ಕೊಮ್ಮೆ ಹೋಗಿ ದಾಖಲೆ ನೋಡಿ ತಿದ್ದಲಿ. ಆದರೆ ಮೊದಲ ಪೋಸ್ಟಿಂಗ್‌ಗೇ ಹೀಗೆ ಮಾಡುವುದು ಬೇಡ.

ಮಾರ್ಗದರ್ಶಕರಿಗೆ ವಿದ್ಯಾರ್ಥಿಗಳು ಬಂದ ಮೊದಲ ಎರಡು ವಾರ ರೋಗಿಗಳ ಸಂಖ್ಯೆ ಕಡಿಮೆ ಮಾಡಿಕೊಡಿ. ಇದನ್ನು ಆಸ್ಪತ್ರೆಯೊಂದಿಗಿನ ಒಪ್ಪಂದದಲ್ಲೇ ಬರೆಸಿ. ಬಾಯಿಮಾತಿನ ಭರವಸೆ ಮೊದಲ ಗದ್ದಲದ ದಿನವೇ ಮುರಿಯುತ್ತದೆ. ಈ ಪದವಿ ಪಡೆದವರಿಗೆ ಥೆರಪಿಸ್ಟರಾಗಿ ನೋಂದಣಿ ಸಿಗುತ್ತದೆಯೇ ಎಂಬುದೂ ಪ್ರವೇಶಕ್ಕೆ ಮೊದಲೇ ತೀರ್ಮಾನವಾಗಿರಲಿ.

ಮೊದಲ ಬ್ಯಾಚ್‌ಗೆ 10 ಜನ ಸಾಕು. ಆಗ ಬೇಕಾಗುವುದು 8 ಮಾರ್ಗದರ್ಶಕರು. ಅಷ್ಟೂ ಸಿಗದಿದ್ದರೆ ಆ ವರ್ಷ ಪ್ರವೇಶ ತೆರೆಯದೆ, ಇರುವ ಥೆರಪಿಸ್ಟರಿಗೆ ಕಲಿಸುವುದನ್ನು ಕಲಿಸಿ.